ಮೂವತ್ತೆರಡು ಜನರ ಸರಾಸರಿ

"ಇದು ನೀವು ಅಳಿಸಿದ ಚುಕ್ಕೆಗಳ ಲೆಕ್ಕ," ಎನ್ನುತ್ತ ಮೇಷ್ಟ್ರು ಹಾಳೆಯನ್ನು ಅವಳ ಕಡೆ ತಿರುಗಿಸಿ ಮೇಜಿನ ಮೇಲೆ ತಳ್ಳಿದರು. "ಎಡಗಡೆ ಆರೈಕೆಯವರು, ಬಲಗಡೆ ಉಳಿದವರು. ನೀವೇ ಒಂದ್ಸಲ ನೋಡಿಬಿಡಿ."

ಗೆರೆಯಮ್ಮ ನೋಡಿದಳು. ಬಲಗಡೆಯ ಸಾಲಿನಲ್ಲಿ ತಲೆಯೊಂದಕ್ಕೆ ಆರುನೂರು, ಏಳುನೂರು ಚುಕ್ಕೆ. ಎಡಗಡೆಯ ಸಾಲಿನಲ್ಲಿ ಸಾವಿರದ ಎಂಟುನೂರು, ಎರಡು ಸಾವಿರ, ಒಂದು ಕಡೆಯಂತೂ ನಾಲ್ಕು ಸಾವಿರದ ಮುನ್ನೂರು. ಬೆಳಗಿನ ಹನ್ನೊಂದು ಗಂಟೆಯ ಬಿಸಿಲು ಕಿಟಕಿಯಿಂದ ನೇರ ಹಾಳೆಯ ಮೇಲೇ ಬಿದ್ದಿತ್ತು. ಸರಿಯಾಗಿ ಕಾಣಿಸಲಿಲ್ಲ ಎನ್ನುವ ಹಾಗೂ ಇರಲಿಲ್ಲ.

ಗೆರೆಯಮ್ಮ ಎಂಬುದು ಲ್ಯಾಬಿನವರು ಇಟ್ಟ ಹೆಸರು. ತಲೆಯ ಸ್ಕ್ಯಾನ್ ಆದ ಮೇಲೆ ಚಿತ್ರಗಳು ಕಂಪ್ಯೂಟರಿಗೆ ಹೋಗುತ್ತವೆ. ಕಂಪ್ಯೂಟರು ಒಂದೊಂದು ಚಿತ್ರದ ಮೇಲೂ ಎರಡೆರಡು ಗೆರೆ ಎಳೆಯುತ್ತದೆ. ಮೆದುಳಿನ ಒಳಗಿನ ಬಿಳಿ ಭಾಗ ಮುಗಿಯುವಲ್ಲಿ ಹಳದಿ ಗೆರೆ, ಅದರ ಹೊರಗಿನ ಬೂದು ತೊಗಟೆ ಮುಗಿಯುವಲ್ಲಿ ಕೆಂಪು ಗೆರೆ. ಎರಡು ಗೆರೆಗಳ ನಡುವಿನ ದೂರವೇ ತೊಗಟೆಯ ದಪ್ಪ. ಎಷ್ಟು ಮಹಾ ದಪ್ಪ? ಎರಡೂವರೆ ಮಿಲಿಮೀಟರು. ಮನುಷ್ಯನ ಬುದ್ಧಿ, ಜಂಬ, ಜಗಳವೆಲ್ಲ ಅಷ್ಟರಲ್ಲೇ. ಆದರೆ ಕಂಪ್ಯೂಟರು ಎಷ್ಟೋ ಸಲ ಮೆದುಳಿಗೆ ಅಂಟಿಕೊಂಡಿರುವ ಪೊರೆಯನ್ನೂ ತೊಗಟೆಯೆಂದೇ ತಿಳಿದು ಕೆಂಪು ಗೆರೆಯನ್ನು ಅದರಾಚೆ ಎಳೆದುಬಿಡುತ್ತದೆ. ಆಗ ಯಾರಾದರೂ ಕೂತು, ಕಣ್ಣಿಟ್ಟು, ಪೊರೆಯ ಚುಕ್ಕೆಗಳನ್ನು ಒಂದೊಂದಾಗಿ ಅಳಿಸಿ ಗೆರೆಯನ್ನು ಒಳಗೆ ತರಬೇಕು. ಹದಿನಾಲ್ಕು ವರ್ಷದಿಂದ ಆ ಯಾರಾದರೂ ಇವಳೇ. ಅವಳ ಕೈ ನಡುಗುವುದಿಲ್ಲ, ಕಣ್ಣು ಮೋಸ ಹೋಗುವುದಿಲ್ಲ ಎಂದು ಆ ಕಟ್ಟಡದಲ್ಲೆಲ್ಲ ಹೆಸರಿತ್ತು.

ಮೇಷ್ಟ್ರು ಕಾಲೇಜಿನಲ್ಲಿ ಅಂಕಿಅಂಶ ಕಲಿಸಿ ನಿವೃತ್ತರಾದವರು. ವಾರಕ್ಕೆರಡು ದಿನ ಲ್ಯಾಬಿಗೆ ಬಂದು ಲೆಕ್ಕ ನೋಡಿಕೊಡುತ್ತಿದ್ದರು. ಈ ಚುಕ್ಕೆ ಎಣಿಸುವ ಕೆಲಸ ಅವರಿಗೆ ಯಾರೂ ಹೇಳಿದ್ದಲ್ಲ. ಸಂಶೋಧನೆಯ ಲೇಖನ ಪತ್ರಿಕೆಯೊಂದಕ್ಕೆ ಹೋಗಿತ್ತು. ಅಲ್ಲಿಂದ ಒಂದು ಪ್ರಶ್ನೆ ಬಂದಿತ್ತು: ಗೆರೆ ತಿದ್ದಿದವರಿಗೆ ಯಾವ ತಲೆ ಯಾವ ಗುಂಪಿನದು ಎಂದು ಗೊತ್ತಿತ್ತೇ? ದೊಡ್ಡ ಡಾಕ್ಟರು, ಅಂದರೆ ಲ್ಯಾಬಿನ ಯಜಮಾನರು, ಗೊತ್ತಿರಲಿಲ್ಲ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದರು. ಮೇಷ್ಟ್ರಿಗೆ ಅದೇಕೋ ಗಂಟಲಲ್ಲಿ ಇಳಿಯಲಿಲ್ಲ. ಯಾವ ಕಡತದಲ್ಲಿ ಎಷ್ಟು ಅಳಿಸಲಾಗಿದೆ ಎಂಬುದನ್ನು ಕಂಪ್ಯೂಟರು ಬರೆದಿಟ್ಟುಕೊಂಡಿರುತ್ತದೆ. ಅದನ್ನು ಹೊರಗೆ ತೆಗೆದಿದ್ದರು.

"ನಿಮಗೆ ಗೊತ್ತಿತ್ತಾ, ಅಮ್ಮ?" ಎಂದು ಕೇಳಿದರು ಅವರು.

ಗೊತ್ತಿಲ್ಲದೆ ಏನು? ಆರೈಕೆಯವರ ಕಡತದ ಸಂಖ್ಯೆ ಒಂದರಿಂದ ಶುರುವಾಗುತ್ತಿತ್ತು, ಉಳಿದವರದು ಎರಡರಿಂದ. ಕಡತ ತೆರೆದ ಕೂಡಲೇ ಮೂಲೆಯಲ್ಲಿ ಕಾಣುತ್ತಿತ್ತು. ಹದಿನಾಲ್ಕು ವರ್ಷದಲ್ಲಿ ಆ ಮೂಲೆಗೆ ಒಂದು ಚೂರು ಕಾಗದ ಅಂಟಿಸಿಕೊಳ್ಳಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ, ಅವಳಿಗೂ ಹೊಳೆದಿರಲಿಲ್ಲ. ತನ್ನ ಕೈಯ ಮೇಲೆ ಅಷ್ಟು ನಂಬಿಕೆ.

ಈ ಆರೈಕೆಯವರ ವಿಷಯ ಹೇಳಬೇಕು. ಮರೆವು ಹತ್ತಿ ಹಾಸಿಗೆ ಹಿಡಿದ ಮನೆಯವರನ್ನು ಎಂಟು ಹತ್ತು ವರ್ಷ ಒಬ್ಬರೇ ನೋಡಿಕೊಂಡ ಮೂವತ್ತೆರಡು ಹೆಂಗಸರು ಒಂದು ಗುಂಪು. ಅದೇ ವಯಸ್ಸಿನ, ಅದೇ ಓದಿನ, ಅಂಥ ಹೊರೆ ಹೊರದ ಮೂವತ್ತೆರಡು ಹೆಂಗಸರು ಇನ್ನೊಂದು ಗುಂಪು. ಎರಡು ಗುಂಪಿನ ತೊಗಟೆಯ ದಪ್ಪದಲ್ಲಿ ವ್ಯತ್ಯಾಸ ಇದೆಯೇ ಎಂಬುದು ಪ್ರಶ್ನೆ. ಇದೆ ಎಂದು ಉತ್ತರ ಬಂದಿತ್ತು. ಆರೈಕೆಯವರ ಹಣೆಯ ಹಿಂದೆ, ಬಲಗಡೆ, ತೊಗಟೆ ಶೇಕಡಾ ಐದರಷ್ಟು ತೆಳು. ಚಿತ್ರದಲ್ಲಿ ಅಲ್ಲೊಂದು ನೀಲಿ ಮಚ್ಚೆ. ಆ ಮೂವತ್ತೆರಡು ಹೆಂಗಸರಲ್ಲಿ ಒಬ್ಬಳು ಗೆರೆಯಮ್ಮನ ಸ್ವಂತ ಅಕ್ಕ. ಇವಳೇ ಕರೆದುಕೊಂಡು ಬಂದು ಸೇರಿಸಿದ್ದು.

ಅಕ್ಕ ಹನ್ನೊಂದು ವರ್ಷ ಅಮ್ಮನನ್ನು ನೋಡಿಕೊಂಡಿದ್ದಳು. ಮೊದಮೊದಲು ಅಮ್ಮ ಬೀಗದ ಕೈ ಮರೆತಳು, ಆಮೇಲೆ ಬೀದಿ ಮರೆತಳು, ಆಮೇಲೆ ಬಚ್ಚಲು ಯಾವ ಕಡೆ ಎಂಬುದನ್ನೂ ಮರೆತಳು. ಅಣ್ಣ ಭೂಮಾಪನ ಇಲಾಖೆಯಲ್ಲಿ ಅಳತೆಗಾರ. ತಿಂಗಳಿಗೊಮ್ಮೆ ಹಣ್ಣಿನ ಚೀಲ ಹಿಡಿದು ಬಂದು, ಅಮ್ಮನ ಕೈ ಹಿಡಿದು ಹತ್ತು ನಿಮಿಷ ಕೂತು, ಅಮ್ಮ ಚೆನ್ನಾಗೇ ಇದ್ದಾಳಲ್ಲ ಎಂದು ಹೇಳಿ ಹೋಗುತ್ತಿದ್ದ. ಮನೆಯಲ್ಲೇ ಕೂತಿರೋ ಕೆಲಸ, ಅದರಲ್ಲೇನು ಸುಸ್ತು ಎಂಬುದು ಅವನ ವಾದ. ಇನ್ನು ತಂಗಿಯ, ಅಂದರೆ ಗೆರೆಯಮ್ಮನ, ವಾದವಂತೂ ಇನ್ನೂ ಗಟ್ಟಿ: ಅವಳ ಬಾಡಿಗೆ ಮನೆ ಮೂರನೇ ಮಹಡಿ, ಲಿಫ್ಟಿಲ್ಲ. ಮೂರನೇ ಮಹಡಿಯ ಮನೆ ಎಂಥ ಅನುಕೂಲ ನೋಡಿ. ಹನ್ನೊಂದು ವರ್ಷ ಯಾರೂ ಎದುರು ಮಾತಾಡಲಿಲ್ಲ. ಆ ಅವಧಿಯಲ್ಲಿ ಕೆಳಗಿನ ಎರಡು ಮನೆಗಳು ಖಾಲಿಯಾಗಿ, ಬಾಡಿಗೆಗೆ ಹೋಗಿ, ಮತ್ತೆ ಖಾಲಿಯಾಗಿದ್ದವು. ಆ ಸುದ್ದಿಯನ್ನು ಅವಳು ಯಾರ ಕಿವಿಗೂ ಹಾಕಿರಲಿಲ್ಲ.

ನೀಲಿ ಮಚ್ಚೆ ಬಂದ ದಿನ ಗೆರೆಯಮ್ಮನಿಗೆ ಆದ ಸಂತೋಷ ಇಷ್ಟಿಷ್ಟಲ್ಲ. ಅಕ್ಕನ ಪರವಾಗಿ ಕೊನೆಗೂ ಒಂದು ಸಾಕ್ಷಿ. ಬಣ್ಣದ ಪ್ರಿಂಟು ತೆಗೆಸಿಕೊಂಡು, ಆ ಭಾನುವಾರ ಅಣ್ಣನ ಮನೆಗೆ ಹೋಗಿ, ಊಟದ ಮೇಜಿನ ಮೇಲೆ ಇಟ್ಟಳು. ಅಣ್ಣ ಕನ್ನಡಕ ಏರಿಸಿ ನೋಡಿದ. ಇದು ಅಕ್ಕನದಾ ಎಂದು ಕೇಳಿದ. ಅದು ಅಕ್ಕನದಲ್ಲ, ಮೂವತ್ತೆರಡು ಜನರ ಸರಾಸರಿಯಿಂದ ಇನ್ನೊಂದು ಮೂವತ್ತೆರಡು ಜನರ ಸರಾಸರಿ ಕಳೆದು ಬಂದ ಚಿತ್ರ; ಅಂಥ ತಲೆಯಿರುವ ಮನುಷ್ಯಳು ಈ ಭೂಮಿಯ ಮೇಲೆ ಒಬ್ಬಳೂ ಇಲ್ಲ. ಇದನ್ನು ಗೆರೆಯಮ್ಮ ಹೊಸದಾಗಿ ಬಂದವರಿಗೆಲ್ಲ ವರ್ಷಾವರ್ಷ ಹೇಳಿಕೊಡುತ್ತಿದ್ದಳು.

"ಅಕ್ಕಾನೂ ಇದರಲ್ಲಿ ಇದ್ದಾಳೆ," ಎಂದಳು ಅವಳು.

ಸುಳ್ಳಲ್ಲ. ಸುಳ್ಳಾಗಿದ್ದರೆ ಒಳ್ಳೆಯದಿತ್ತು, ಆಮೇಲೆ ತಪ್ಪಾಯಿತು ಎನ್ನಬಹುದಿತ್ತು. ಅಣ್ಣ ಎಷ್ಟು ತೆಳು ಎಂದು ಕೇಳಿದ, ಅವಳು ಶೇಕಡಾ ಐದು ಎಂದಳು. ಅಣ್ಣ ಅಳತೆಯ ಮನುಷ್ಯ. ಕಣ್ಣೀರಿಗೆ ಬಗ್ಗುವವನಲ್ಲ, ಅಂಕಿಗೆ ಬಗ್ಗುತ್ತಾನೆ. ನೂರು ಅಡಿ ಸೈಟಿನಲ್ಲಿ ಐದು ಅಡಿ ಹೋಯಿತು ಎಂದರೆ ಅದು ದೊಡ್ಡ ವಿಷಯವೇ ಎಂದು ತನಗೆ ತಾನೇ ಹೇಳಿಕೊಂಡ. ಒಳಗಿನಿಂದ ನೀರು ತಂದ ಅತ್ತಿಗೆಯೂ ಬಗ್ಗಿ ಚಿತ್ರ ನೋಡಿದಳು. ಮುಂದಿನ ಭಾನುವಾರ ಅಮ್ಮನ ಮಂಚ, ಗಾಲಿಕುರ್ಚಿ, ಔಷಧಿಯ ಡಬ್ಬಿ ಎಲ್ಲ ಅಣ್ಣನ ಮನೆ ಸೇರಿದವು.

ಅಕ್ಕ ಒಂಬತ್ತು ದಿನ ಬರೀ ನಿದ್ದೆ ಮಾಡಿದಳು. ಹತ್ತನೇ ದಿನ ಎದ್ದು ತಲೆಗೆ ಸ್ನಾನ ಮಾಡಿ, ತಟ್ಟೆ ಇಟ್ಟುಕೊಂಡು ಕೂತು ಊಟ ಮಾಡಿದಳು. ಹನ್ನೊಂದು ವರ್ಷ ಅವಳು ನಿಂತೇ ಉಂಡಿದ್ದು ಎಂದು ಗೆರೆಯಮ್ಮನಿಗೆ ಅಂದೇ ಗೊತ್ತಾದದ್ದು. ತಿಂಗಳೊಳಗೆ ಅಕ್ಕ ಸಾರ್ವಜನಿಕ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಹಿಡಿದಳು. ಐವತ್ತಮೂರನೇ ವಯಸ್ಸಿನಲ್ಲಿ ಮೊದಲ ಕೆಲಸ. ಫೋನು ಮಾಡಿದಾಗಲೆಲ್ಲ ಅದೇ ಮಾತು: ನಮ್ಮ ಸೆಕ್ಷನ್ನಿನಲ್ಲಿ ಹೀಗಂತೆ, ನಮ್ಮ ಮೇಲ್ವಿಚಾರಕಿ ಹಾಗಂತೆ. ಆ ನೀಲಿ ಮಚ್ಚೆಯ ಪ್ರಿಂಟನ್ನು ಬೀರುವಿನ ಬಾಗಿಲ ಒಳಗೆ ಅಂಟಿಸಿಕೊಂಡಿದ್ದಳು. ಆಪರೇಷನ್ ಆದವರು ಹೊಲಿಗೆಯ ಗುರುತು ತೋರಿಸುವ ಹಾಗೆ, ಬಂದವರಿಗೆಲ್ಲ ಬೀರು ತೆಗೆದು, ನನಗೆ ಇಲ್ಲಿ ಸವೆದಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದಳಂತೆ. ತೋರಿಸುವಾಗ ಮುಖದಲ್ಲಿ ದುಃಖವೇನೂ ಇರುತ್ತಿರಲಿಲ್ಲವಂತೆ.

ಇದೆಲ್ಲ ಆಗಿ ನಾಲ್ಕು ತಿಂಗಳಿಗೆ ಮೇಷ್ಟ್ರ ಹಾಳೆ ಬಂತು.

ಇನ್ನೊಮ್ಮೆ ಮಾಡೋಣ ಎಂದರು ಮೇಷ್ಟ್ರು. ಅರವತ್ತನಾಲ್ಕು ಕಡತಗಳ ಸಂಖ್ಯೆ ಬದಲಿಸಿ, ಇಸ್ಪೀಟಿನಂತೆ ಕಲಸಿ, ಯಾವುದು ಯಾರದೆಂಬ ಪಟ್ಟಿಯನ್ನು ತಮ್ಮ ಚೀಲದಲ್ಲಿ ಇಟ್ಟುಕೊಂಡು ಹೋದರು. ಗೆರೆಯಮ್ಮ ಮೂರು ವಾರ ಕೂತು ಮೊದಲಿನಿಂದ ತಿದ್ದಿದಳು. ಈ ಸಲ ಕೈಗೆ ಯಾರ ಪರವೂ ಇಲ್ಲ, ಯಾರ ವಿರೋಧವೂ ಇಲ್ಲ. ಒಂದು ಕಡತದಲ್ಲಿ ಮಾತ್ರ, ದವಡೆಯ ಹತ್ತಿರ, ಹಲ್ಲಿನ ಲೋಹದ ಟೋಪಿಯ ಕಪ್ಪು ನೆರಳು ಕಾಣಿಸಿತು. ಆ ಟೋಪಿ ಹಾಕಿಸಲು ದಂತವೈದ್ಯರ ಹತ್ತಿರ ಅಕ್ಕನ ಜೊತೆ ಹೋದವಳು ಇವಳೇ. ಆ ಕಡತವನ್ನು ಮುಟ್ಟದೆ ಮುಚ್ಚಿ, ಪಕ್ಕದ ಕೋಣೆಯವಳಿಗೆ ತಿದ್ದಲು ಕೊಟ್ಟಳು. ಅಷ್ಟು ಪ್ರಾಮಾಣಿಕತೆ ಮೊದಲ ಸಲವೇ ಇದ್ದಿದ್ದರೆ ಎಂದು ಕೇಳುವವರು ಯಾರೂ ಅಲ್ಲಿರಲಿಲ್ಲ, ಅವಳೇ ಕೇಳಿಕೊಂಡಳು.

ಶುಕ್ರವಾರ ಮೇಷ್ಟ್ರು ಪಟ್ಟಿ ಬಿಚ್ಚಿ ಲೆಕ್ಕ ಹಾಕಿದರು. ನೀಲಿ ಮಚ್ಚೆ ಇರಲಿಲ್ಲ. ಎರಡು ಗುಂಪಿನ ನಡುವೆ ಉಳಿದ ವ್ಯತ್ಯಾಸ ಎಷ್ಟೆಂದರೆ, ಯಾವ ಅರವತ್ತನಾಲ್ಕು ಜನರನ್ನು ಬೀದಿಯಿಂದ ಹಿಡಿದು ತಂದು ಎರಡು ಸಾಲು ಮಾಡಿದರೂ ಅಷ್ಟು ಬರುತ್ತದೆ. ಇಡೀ ಸಂಶೋಧನೆಯಲ್ಲಿ ಅಳೆಯಲು ಸಿಕ್ಕಿದ್ದು ಒಬ್ಬ ಹೆಂಗಸಿನ ಕೈ ಎಷ್ಟು ಕಡೆ ಎಷ್ಟು ಒತ್ತಿತು ಎಂಬುದು ಮಾತ್ರ. ಅಷ್ಟು ಕಡೆ ಅಳಿಸಿದ್ದರಲ್ಲಿ ಪೊರೆಯೂ ಹೋಗಿತ್ತು, ಪೊರೆಯ ಜೊತೆ ಒಳ್ಳೆಯ ತೊಗಟೆಯೂ ಹೋಗಿತ್ತು. ಇವರು ಸವೆದಿರಬೇಕು ಎಂದು ಮನಸ್ಸು ಹೇಳಿದ ಕಡೆ ಬೆರಳು ಒಂದು ಚುಕ್ಕೆ ಹೆಚ್ಚೇ ಒಳಗೆ ಹೋಗಿತ್ತು. ನಾಲ್ಕು ಸಾವಿರದ ಮುನ್ನೂರು ಯಾರ ತಲೆಯೆಂದು ಅವಳು ಕೇಳಲಿಲ್ಲ, ಮೇಷ್ಟ್ರು ಹೇಳಲೂ ಇಲ್ಲ. ಅಕ್ಕನ ತೊಗಟೆಯ ನಿಜವಾದ ಅಳತೆಯನ್ನು ಮಾತ್ರ ಅವಳು ಪಟ್ಟಿಯಲ್ಲಿ ಹುಡುಕಿ ನೋಡಿದಳು. ಅರವತ್ತನಾಲ್ಕರಲ್ಲಿ ಒಂಬತ್ತನೆಯದು, ದಪ್ಪದವರ ಕಡೆಯಿಂದ.

ದೊಡ್ಡ ಡಾಕ್ಟರು ಎಲ್ಲ ಕೇಳಿಸಿಕೊಂಡು, ಟೀ ಕುಡಿದು, ಸದ್ಯಕ್ಕೆ ಹಾಗೇ ಇಡೋಣ ಎಂದರು. ಪತ್ರಿಕೆಯಿಂದ ಲೇಖನವನ್ನು ವಾಪಸು ತರಿಸಿಕೊಂಡರು. ಕೆಲಸದ ಒತ್ತಡ ಎಂದು ಕಾರಣ ಕೊಟ್ಟರು. ಮೇಷ್ಟ್ರು ಅಂದಿನಿಂದ ಬರುವುದು ಕಡಿಮೆ ಮಾಡಿದರು. ಮೊಗಸಾಲೆಯ ಗೋಡೆಯಲ್ಲಿದ್ದ ದೊಡ್ಡ ಚಿತ್ರವನ್ನು ಯಾರೂ ತೆಗೆಯಲಿಲ್ಲ. ಬಣ್ಣ ಚೆನ್ನಾಗಿದೆ, ಬಂದವರು ನಿಂತು ನೋಡುತ್ತಾರೆ.

ಗೆರೆಯಮ್ಮನೂ ಬಾಯಿಗೆ ಬೀಗ ಹಾಕಿಕೊಂಡಳು. ಲೇಖನ ಅಚ್ಚಾಗದಿದ್ದರೆ ಅಚ್ಚಾಗದಿರಲಿ, ಮನೆಯವರಿಗೆ ಅದೆಲ್ಲ ಏಕೆ? ಅಕ್ಕ ಕೂತು ಊಟ ಮಾಡುತ್ತಿದ್ದಾಳೆ. ಅಣ್ಣನಿಗೂ ಒಂದಿಷ್ಟು ವರ್ಷ ಗೊತ್ತಾಗಲಿ. ನ್ಯಾಯವಂತೂ ಆಯಿತಲ್ಲ, ಅಳತೆ ತಪ್ಪಾದರೇನು ಎಂದು ಬಸ್ಸಿನಲ್ಲಿ ಹೋಗುತ್ತ ಬರುತ್ತ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮೂರು ವಾರಕ್ಕೆ ಅತ್ತಿಗೆ ಲ್ಯಾಬಿಗೇ ಬಂದಳು.

ಮುಂಚೆ ಹೇಳದೆ ಕೇಳದೆ ಬಂದವಳು ಮೊಗಸಾಲೆಯಲ್ಲಿ ಆ ದೊಡ್ಡ ಚಿತ್ರದ ಮುಂದೆ ಚೀಲ ಅಪ್ಪಿಕೊಂಡು ನಿಂತಿದ್ದಳು. ತೆಳ್ಳಗಾಗಿದ್ದಳು. ಕುತ್ತಿಗೆಯ ಹತ್ತಿರ ಬಟ್ಟೆಯ ಮೇಲೆ ಹಾಲಿನ ಕಲೆ ಒಣಗಿತ್ತು, ಅಮ್ಮ ಉಗಿದಿರಬೇಕು. ಗೆರೆಯಮ್ಮ ಅವಳನ್ನು ತನ್ನ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದಳು. ಅತ್ತಿಗೆ ಚೀಲದಿಂದ ಒಂದು ಚೀಟಿ ತೆಗೆದು ಓದಲು ಶುರುಮಾಡಿದಳು. ಮರೆತುಹೋಗಬಾರದೆಂದು ಬರೆದುಕೊಂಡು ಬಂದಿದ್ದಳು. ಹೋದ ತಿಂಗಳು ಎರಡು ಸಲ ಒಲೆ ಆರಿಸುವುದು ಮರೆತಿದ್ದು. ಒಂದು ಸಲ ಬಾಗಿಲು ಹಾಕದೆ ಅಂಗಡಿಗೆ ಹೋಗಿದ್ದು. ಮಗಳ ಫೋನ್ ನಂಬರು ನೆನಪಿಗೆ ಬಾರದೆ ಅರ್ಧ ಗಂಟೆ ಅತ್ತಿದ್ದು. ಬಲಗಡೆ ಹಣೆಯ ಹಿಂದೆ, ಸರಿಯಾಗಿ ಅದೇ ಜಾಗದಲ್ಲಿ, ಒಂದು ಥರಾ ನೋವು.

"ನಿಮ್ಮಣ್ಣ ಹೇಳಿದ್ರು, ಒಂದು ಸ್ಕ್ಯಾನ್ ಮಾಡಿಸ್ಕೊಂಡು ಬಾ ಅಂತ," ಎಂದಳು ಅತ್ತಿಗೆ. "ನೀಲಿ ಬಂದಿದ್ರೆ ಮುಂದಿನ ಸರದಿ ನಿಂದಂತೆ, ಪುಟ್ಟಿ. ಅವರು ಹೇಳಿದ್ದು, ನಾನಲ್ಲ. ನನಗೆ ಸರದಿ ಗಿರದಿ ಬೇಡ. ನನಗೆ ಭಯ ಆಗಿದೆ. ಅತ್ತೇನ ನೋಡ್ಕೊಂಡು ನಾನೂ ಅತ್ತೆ ಥರಾನೇ ಆಗ್ತೀನಾ? ನಿಜ ಹೇಳು."

ನಲವತ್ತನಾಲ್ಕು ವರ್ಷದ ಪುಟ್ಟಿ ಆ ಚೀಟಿಯನ್ನು ನೋಡಿದಳು. ಅಕ್ಷರಗಳು ದೊಡ್ಡದೊಡ್ಡದಾಗಿದ್ದವು, ಶಾಲೆಯ ಮಕ್ಕಳು ಬರೆದ ಹಾಗೆ. ಐದಾರು ತಿಂಗಳಿಂದ ಈ ಹೆಂಗಸು ಅಮ್ಮನನ್ನು ಎತ್ತಿ ಇಳಿಸುವುದರ ಜೊತೆಗೆ, ತನ್ನ ತಲೆಯೊಳಗೆ ಏನೋ ಒಂದು ದಿನದಿನಕ್ಕೆ ತೆಳುವಾಗುತ್ತಿದೆ ಎಂಬ ಭಯವನ್ನೂ ಹೊತ್ತುಕೊಂಡಿದ್ದಳು. ಅಮ್ಮ ವಯಸ್ಸಿನಿಂದ, ಕಾಯಿಲೆಯಿಂದ ಬಂದ ಹೊರೆ. ಈ ಭಯವನ್ನು ಮಾತ್ರ ಪುಟ್ಟಿಯೇ ಬಣ್ಣದ ಪ್ರಿಂಟು ತೆಗೆಸಿ, ಭಾನುವಾರ ನೋಡಿ, ಕೈಯಾರೆ ತಂದುಕೊಟ್ಟದ್ದು. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಸ್ಕ್ಯಾನ್ ಮಾಡಿಸಿ, ಏನೂ ಇಲ್ಲ ಎಂದು ಹೇಳಿ ಕಳಿಸಿಬಿಡಬಹುದಿತ್ತು. ಅದೂ ಮನಸ್ಸಿಗೆ ಬಂತು. ಆದರೆ ಒಬ್ಬಳ ಒಂದು ಸ್ಕ್ಯಾನ್ ನೋಡಿ ಸವೆದಿದೆ, ಸವೆದಿಲ್ಲ ಎಂದು ಹೇಳಲು ಯಾರಿಂದಲೂ ಆಗದು. ಹಾಗೆ ಹೇಳಿದರೆ ಎರಡನೇ ಸಲ ಅದೇ ಮೋಸ. ಅವಳು ಬಾಗಿಲು ಮುಂದೆ ಮಾಡಿ ಬಂದು, ಅತ್ತಿಗೆಯ ಎದುರು ಕೂತು, ಎಲ್ಲವನ್ನೂ ಹೇಳಿದಳು. ಎರಡು ಗೆರೆ, ಪೊರೆ, ಕಡತದ ಸಂಖ್ಯೆ, ತನ್ನ ಕೈ, ಮೇಷ್ಟ್ರ ಹಾಳೆ. ಯಾರನ್ನೋ ನೋಡಿಕೊಂಡರೆ ತೊಗಟೆ ಸವೆಯುತ್ತದೆ ಎನ್ನಲು ತಮ್ಮ ಹತ್ತಿರ ಏನೂ ಇಲ್ಲ ಎಂದಳು. ಸವೆಯುವುದೇ ಇಲ್ಲ ಎನ್ನಲೂ ಇಲ್ಲ, ಅಷ್ಟು ಕಡಿಮೆ ಜನರಲ್ಲಿ ಅದು ಗೊತ್ತಾಗದು ಎಂದೂ ಸೇರಿಸಿದಳು. ನಿದ್ದೆಯಿಲ್ಲದಿದ್ದರೆ ಯಾರಾದರೂ ಒಲೆ ಆರಿಸುವುದು ಮರೆಯುತ್ತಾರೆ ಎಂದಳು. ಅತ್ತಿಗೆ ಕೇಳುತ್ತ ಕೇಳುತ್ತ ಚೀಟಿಯನ್ನು ನಾಲ್ಕು ಮಡಿಕೆ ಮಾಡಿದಳು.

"ಅಂದ್ರೆ ನನಗೇನೂ ಆಗಿಲ್ಲ," ಎಂದಳು.

"ಆಗಿದೆ ಅನ್ನೋಕೆ ಏನೂ ಇಲ್ಲ, ಅತ್ತಿಗೆ."

ಅತ್ತಿಗೆ ಅತ್ತಳು. ಚೀಲದ ಮೇಲೆ ಹಣೆಯಿಟ್ಟು, ಬಹಳ ಹೊತ್ತು ಸದ್ದಿಲ್ಲದೆ ಅತ್ತಳು. ಆಮೇಲೆ ಮುಖ ಒರೆಸಿಕೊಂಡು ನೀರು ಕುಡಿದಳು. ಲೋಟ ಕೆಳಗಿಡುವಷ್ಟರಲ್ಲಿ ಅವಳ ಮುಖ ಬದಲಾಗಿತ್ತು.

"ಹಾಗಾದ್ರೆ ನಿಮ್ಮಕ್ಕನಿಗೂ ಏನೂ ಆಗಿಲ್ಲ," ಎಂದಳು.

ಗೆರೆಯಮ್ಮ ಖಾಲಿ ಲೋಟ ಎತ್ತಿಟ್ಟಳು. ಅತ್ತಿಗೆ ಕೆಟ್ಟವಳಲ್ಲ. ಹೋಗುವಾಗ ಅವಳ ಭುಜ ಮುಟ್ಟಿ, ನೀನು ಹೇಳಿದ್ದು ಒಳ್ಳೆಯದಾಯಿತು ಎಂದು ಹೇಳಿಯೇ ಹೋದಳು. ಮೊಗಸಾಲೆಯಲ್ಲಿ ಆ ಚಿತ್ರದ ಕಡೆ ತಿರುಗಿಯೂ ನೋಡಲಿಲ್ಲ.

ಅಣ್ಣನ ಫೋನು ಅದೇ ಸಂಜೆ ಬಂತು. ಕೂಗಾಡಲಿಲ್ಲ. ಅಳತೆ ತಪ್ಪಿದರೆ ಸರ್ವೆ ರದ್ದು, ಗಡಿ ಮೊದಲಿದ್ದ ಕಡೆಗೇ ಹೋಗುತ್ತದೆ, ಇದು ತಮ್ಮ ಇಲಾಖೆಯ ನಿಯಮ ಎಂದ. ಅತ್ತಿಗೆಯ ಕೈಲಿ ಆಗುವುದಿಲ್ಲ, ಹೆಣ್ಣಾಳು ಇಟ್ಟರೆ ಮೂರು ದಿನಕ್ಕೆ ಓಡಿಹೋಗುತ್ತಾರೆ, ಅಕ್ಕನಿಗಾದರೆ ಅಭ್ಯಾಸ ಇದೆ ಎಂದ. ನಿನ್ನ ಮನೆ ಹೇಗೂ ಮೂರನೇ ಮಹಡಿ ಎಂದೂ ಎಂದ. ಅದನ್ನು ಅವನು ವ್ಯಂಗ್ಯಕ್ಕೆ ಹೇಳಿದನೋ ಸಹಜವಾಗಿ ಹೇಳಿದನೋ ಅವಳಿಗೆ ತಿಳಿಯಲಿಲ್ಲ. ಅಕ್ಕನಿಗೆ ನಾನೇ ಹೇಳುತ್ತೇನೆ, ನೀನು ಹೇಳಬೇಡ ಎಂದು ಬೇಡಿಕೊಂಡಳು. ಭಾನುವಾರದವರೆಗೆ ಟೈಮಿದೆ ಎಂದ ಅಣ್ಣ.

ಮರುದಿನ ಐದೂವರೆಗೆ ಅಕ್ಕ ಕೆಲಸ ಮುಗಿಸಿ ಬರುವ ಹೊತ್ತಿಗೆ ಅವಳು ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಅಕ್ಕನ ಬೆರಳುಗಳಲ್ಲಿ ಅಂಟು ಒಣಗಿ ಬೆಳ್ಳಗೆ ಸುಲಿಯುತ್ತಿತ್ತು. ಬಾಗಿಲು ತೆಗೆಯುತ್ತಲೇ ಅಕ್ಕ, ಇವತ್ತು ಒಂದು ಅಟ್ಲಾಸು ಬಂದಿತ್ತು ಕಣೇ, ಬಾಗಿಲಿನಷ್ಟು ದೊಡ್ಡದು, ಅದರ ಬೆನ್ನು ಹೊಲಿಯುವಷ್ಟರಲ್ಲಿ ಸಾಕುಬೇಕಾಯಿತು ಎಂದು ಶುರುಮಾಡಿದಳು. ಅಮ್ಮನ ಮಂಚವಿದ್ದ ಕೋಣೆಯಲ್ಲಿ ಈಗ ಒಂದು ಮೇಜು, ಒಂದು ಕುರ್ಚಿ ಇತ್ತು, ಕಿಟಕಿ ತೆರೆದಿತ್ತು. ಔಷಧಿಯ ವಾಸನೆ ಪೂರಾ ಹೋಗಿತ್ತು. ಟೀ ಆಗುವವರೆಗೆ ಕಾಯಬೇಕೆಂದುಕೊಂಡವಳು ಕಾಯಲಾರದೆ ಅಡುಗೆಮನೆಯಲ್ಲಿ ನಿಂತೇ ಹೇಳಿಬಿಟ್ಟಳು.

ಅಕ್ಕ ಒಲೆ ಸಣ್ಣ ಮಾಡಿ ಪೂರ್ತಿ ಕೇಳಿಸಿಕೊಂಡಳು. ಅಣ್ಣನ ಭಾನುವಾರದ ಮಾತಿಗೆ ಅವಳು ಬೆಚ್ಚಿಬೀಳಲಿಲ್ಲ. ಬಹುಶಃ ಯಾವತ್ತಾದರೂ ಆ ಮಾತು ಬರುತ್ತದೆಂದು ಅವಳಿಗೆ ಗೊತ್ತೇ ಇತ್ತು. ಅವಳು ಕೇಳಿದ್ದು ಬೇರೆ.

"ನಂದು ಎಷ್ಟಿತ್ತು? ನಂದು, ನನ್ನದೊಬ್ಬಳದು."

ಗೆರೆಯಮ್ಮ ತಡವರಿಸಿದಳು. ಹೇಳುವ ಹಾಗಿಲ್ಲ, ಹೇಳಿದರೂ ಅದಕ್ಕೆ ಅರ್ಥವಿಲ್ಲ, ಹನ್ನೊಂದು ವರ್ಷದ ಹಿಂದೆ ಎಷ್ಟಿತ್ತೆಂದು ಯಾರೂ ಅಳೆದಿಲ್ಲ ಎಂದೆಲ್ಲ ಹೇಳಿದಳು. ಅಕ್ಕ ಸುಮ್ಮನೆ ಕಾಯುತ್ತ ನಿಂತಳು. ಅಮ್ಮ ಒಂದು ತುತ್ತು ನುಂಗಲಿ ಎಂದು ಕಾದು ಕಾದು ಅವಳಿಗೆ ಕಾಯುವುದು ಚೆನ್ನಾಗಿ ಬರುತ್ತಿತ್ತು.

"ಸರಾಸರಿಗಿಂತ ದಪ್ಪ. ಅರವತ್ತನಾಲ್ಕರಲ್ಲಿ ಒಂಬತ್ತನೇದು."

ಅಕ್ಕ ತಲೆಯಾಡಿಸಿದಳು. ಒಲೆ ಆರಿಸಿದಳು.

"ಹನ್ನೊಂದು ವರ್ಷ," ಎಂದಳು. "ನನಗೇನೂ ಆಗೇ ಇಲ್ವಾ, ಪುಟ್ಟಿ?"

"ಹಾಗಲ್ಲ ಅಕ್ಕ. ಅಲ್ಲಿ ಕಾಣಲಿಲ್ಲ ಅಂದ್ರೆ ಆಗಿಲ್ಲ ಅಂತಲ್ಲ. ಎಲ್ಲಾನೂ ಅಲ್ಲಿ ಕಾಣೋದಿಲ್ಲ."

"ಮತ್ತೆ ಎಲ್ಲಿ ಕಾಣುತ್ತೆ?"

ಅಕ್ಕ ಟೀ ಸೋಸಿ ಎರಡು ಲೋಟಕ್ಕೆ ಹಾಕಿದಳು. ಗೆರೆಯಮ್ಮನ ಬಾಯಿಂದ, ತಡೆತಡೆದು, ಅಮ್ಮನನ್ನು ನಾನು ಕರೆದುಕೊಂಡು ಹೋಗಲಾ ಎಂಬ ಮಾತು ಬಂತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಬಂದ ಮಾತು, ಬರುವಾಗಲೇ ಸೋತು ಬಂತು. ಅಕ್ಕ ಅವಳ ಮುಖವನ್ನು ಒಮ್ಮೆ ನೋಡಿದಳು.

"ಮೂರನೇ ಮಹಡಿ," ಎಂದಳು ಅಕ್ಕ. "ಲಿಫ್ಟ್ ಬೇರೆ ಇಲ್ಲ."

ಕುಹಕವಿರಲಿಲ್ಲ, ಸಿಟ್ಟಿರಲಿಲ್ಲ. ತಂಗಿ ಹೇಳಲಾರದ್ದನ್ನು ತಾನೇ ಹೇಳಿ ಮುಗಿಸಿದಳು ಅಷ್ಟೆ. ಗೆರೆಯಮ್ಮನಿಗೆ ಇಲ್ಲ ಎನ್ನಬೇಕೆನಿಸಿತು, ಕೆಳಗಿನ ಮನೆ ಖಾಲಿಯಿದೆ ಎನ್ನಬೇಕೆನಿಸಿತು. ಬಿಸಿ ಟೀಯಲ್ಲಿ ನಾಲಿಗೆ ಸುಟ್ಟುಕೊಂಡು ಸುಮ್ಮನಾದಳು. ಅವಳ ಜೀವನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಆದರೆ ನಾಚಿಕೆಯಾಯಿತೆಂದು ಬಾಯಿ ಬಿಡಲಿಲ್ಲ.

ಭಾನುವಾರ ಹತ್ತು ಗಂಟೆಗೆ ಅಣ್ಣನ ಕಾರು ಬಂತು, ಹಿಂದೆಯೇ ಮಂಚದ ಗಾಡಿ. ಮೇಜು ಕುರ್ಚಿಗಳನ್ನು ಅಕ್ಕ ಮೊದಲೇ ಹಜಾರಕ್ಕೆ ಎಳೆದಿಟ್ಟಿದ್ದಳು. ಅಣ್ಣ ಮಂಚವನ್ನು ಮೊದಲಿದ್ದ ಜಾಗಕ್ಕೇ ಸರಿಯಾಗಿ ಕೂರಿಸಿದ. ನೆಲದ ಮೇಲೆ ಹಳೆಯ ಕಾಲುಗಳ ಗುರುತು ಇನ್ನೂ ಇತ್ತು. ಅತ್ತಿಗೆ ಔಷಧಿಯ ಡಬ್ಬಿ ಕೊಟ್ಟು, ಯಾವುದು ಯಾವಾಗ ಎಂದು ಹೇಳಲು ಬಾಯಿ ತೆಗೆದು, ಯಾರಿಗೆ ಹೇಳುತ್ತಿದ್ದೇನೆಂದು ನೆನಪಾಗಿ ಸುಮ್ಮನಾದಳು. ಇಬ್ಬರೂ ಟೀಗೂ ನಿಲ್ಲಲಿಲ್ಲ.

ಅಮ್ಮ ಮಲಗಿದಲ್ಲಿಂದಲೇ ಸೂರು ನೋಡಿದಳು, ಕಿಟಕಿ ನೋಡಿದಳು. ಅಕ್ಕ ಬಗ್ಗಿ ದಿಂಬು ಸರಿಮಾಡುವಾಗ ಅವಳ ತೋಳು ಹಿಡಿದುಕೊಂಡಳು.

"ಇಷ್ಟೊತ್ತು ಎಲ್ಲಿ ಹೋಗಿದ್ದೆ?" ಎಂದಳು ಅಮ್ಮ. ಗದರುವ ಧ್ವನಿ.

"ಇಲ್ಲೇ ಇದ್ದೆ," ಎಂದಳು ಅಕ್ಕ.

ರಬ್ಬರು ಹಾಳೆ ಹಾಸಬೇಕಿತ್ತು. ಗೆರೆಯಮ್ಮ ಒಂದು ತುದಿ ಹಿಡಿದಳು, ಆದರೆ ಯಾವಾಗ ಎಳೆಯಬೇಕು, ಯಾವಾಗ ಬಿಡಬೇಕು ಎಂದು ಅವಳಿಗೆ ತಿಳಿಯಲಿಲ್ಲ. ಅಕ್ಕ ಅವಳ ಕೈಯಿಂದ ಅದನ್ನು ಮೆಲ್ಲಗೆ ಬಿಡಿಸಿಕೊಂಡು ಒಬ್ಬಳೇ ಹಾಸಿದಳು. ಆಮೇಲೆ, ತಿರುಗಿ ನೋಡದೆ, ನಮ್ಮ ಮೇಲ್ವಿಚಾರಕಿಗೆ ಒಂದು ಫೋನು ಮಾಡಿಬಿಡು, ನಾನು ನಾಳೆ ಬರುವುದಿಲ್ಲ ಅಂತ ಹೇಳು ಎಂದಳು. ನನಗೆ ಮಾತಾಡಲು ಆಗುವುದಿಲ್ಲ ಎಂದಳು.

ಗೆರೆಯಮ್ಮ ಅಕ್ಕನ ಫೋನಿನಿಂದಲೇ ಮಾಡಿದಳು. ಮೇಲ್ವಿಚಾರಕಿ ಒಳ್ಳೆಯ ಹೆಂಗಸು. ಅಮ್ಮನಿಗೆ ಹುಷಾರಿಲ್ಲವೆಂದು ಕೇಳಿ ಪಾಪ ಎಂದಳು, ಆ ಅಟ್ಲಾಸನ್ನು ಬೇರೆ ಯಾರಿಗೂ ಕೊಡುವುದಿಲ್ಲ, ಅವರು ಬಂದೇ ಮುಗಿಸಲಿ ಎಂದಳು.

"ಎಷ್ಟು ದಿನ ಆಗಬಹುದು ಕೇಳಿ," ಎಂದಳು. "ಅಷ್ಟು ದಿನಕ್ಕೆ ರಜ ಬರ್ಕೊಂಡು ಬಿಡ್ತೀನಿ."

ಗೆರೆಯಮ್ಮ ಫೋನು ಕಿವಿಯಲ್ಲಿಟ್ಟುಕೊಂಡೇ ಅಕ್ಕನ ಕಡೆ ನೋಡಿದಳು. ಅಕ್ಕ ಅಮ್ಮನ ಬೆನ್ನ ಕೆಳಗೆ ಒಂದು ಕೈ, ಮೊಣಕಾಲ ಕೆಳಗೆ ಒಂದು ಕೈ ತೂರಿಸಿ, ಅವಳನ್ನು ಗೋಡೆಯ ಕಡೆಗೆ ಮಗ್ಗುಲು ತಿರುಗಿಸುತ್ತಿದ್ದಳು. ತಿರುಗಿಸಿ, ಬೆನ್ನಿಗೆ ದಿಂಬು ಕೊಟ್ಟು, ಬಟ್ಟೆಯ ಸುಕ್ಕು ಬಿಡಿಸಿದಳು.

"ಹಲೋ," ಎಂದಿತು ಫೋನು. "ಲೈನಲ್ಲಿ ಇದ್ದೀರಾ?"